ಎಳೆಯುವ ಜಾಗ, ಎತ್ತುವ ಜಾಗ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಿಡಗುಂದಿ ಸುತ್ತಲಿನ ರಸ್ತೆಗಳ ಚಹರೆಯೇ ಬದಲಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ, ಬಸ್ಸುಗಳು ಅವಸರದಲ್ಲಿ ಓಡುತ್ತಿದ್ದರೆ, ಒಂದು ಬದಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೊಗೆಯುಗುಳುತ್ತ, ಹಾಡು ಹಚ್ಚಿಕೊಂಡು, ಕಬ್ಬಿನ ಗರಿಯನ್ನು ಡಾಂಬರಿಗೆ ಸವರುತ್ತ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಎದುರು ಬಂದವರು ಹೊರೆಯನ್ನು ನೋಡುತ್ತಾರೆ. ಹುಡುಗರು ಇಂಜಿನ್ನಿಗೆ ಮಾಡಿಸಿದ ಅಲಂಕಾರ ನೋಡುತ್ತಾರೆ. ಇಂಜಿನ್ನಿಗೂ ಟ್ರೇಲರಿಗೂ ನಡುವೆ ಇರುವ ಒಂದು ಹುಕ್ಕು, ಒಂದು ಪಿನ್ನು, ಅದರ ಮೇಲಿನ ಎರಡು ಕಬ್ಬಿಣದ ತೋಳುಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಇಪ್ಪತ್ತು ಟನ್ನಿನ ಭಾರವೂ ಡ್ರೈವರನ ಜೀವವೂ ನೇತುಬಿದ್ದಿರುವುದು ಅಲ್ಲಿಯೇ.

ನಮ್ಮ ಕಡೆ ಟ್ರ್ಯಾಕ್ಟರಿನ ಮಾತು ಬಂದರೆ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದು. ಮೂವತ್ತೈದು ಇದ್ದವನು ನಲವತ್ತೈದು ಬೇಕೆನ್ನುತ್ತಾನೆ, ನಲವತ್ತೈದು ಇದ್ದವನು ಐವತ್ತೈದರ ಕನಸು ಕಾಣುತ್ತಾನೆ. ಹಿಂದೆ ಎಲ್ಲಿ ಕಟ್ಟುತ್ತೀರಿ, ಎಷ್ಟು ಎತ್ತರದಲ್ಲಿ ಕಟ್ಟುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನನಗಂತೂ ಎಚ್‌ಪಿಗಿಂತ ಈ ಎರಡನೆಯ ಪ್ರಶ್ನೆಯೇ ದೊಡ್ಡದೆನಿಸುತ್ತದೆ. ಇಪ್ಪತ್ತೈದು ಎಚ್‌ಪಿಯ ಹಳೆಯ ಗಾಡಿ ಸರಿಯಾದ ಜಾಗದಲ್ಲಿ ಕಟ್ಟಿದರೆ ದಿನವಿಡೀ ತಣ್ಣಗೆ ಜಗ್ಗುತ್ತದೆ. ತಪ್ಪು ಜಾಗದಲ್ಲಿ ಕಟ್ಟಿದರೆ ಐವತ್ತೈದು ಎಚ್‌ಪಿಯ ಹೊಸ ಗಾಡಿಯೂ ಒಂದೂವರೆ ಸೆಕೆಂಡಿನಲ್ಲಿ ಡ್ರೈವರನ ಮೇಲೆ ಬೀಳುತ್ತದೆ.

ಈ ಸೀಮೆಗೆ ಇಷ್ಟು ಭಾರ ಎಳೆಯುವ ಪ್ರಸಂಗ ಮೊದಲಿನಿಂದ ಇರಲಿಲ್ಲ. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಎಲ್ಲವೂ ಎರೆ ಹೊಲದ, ಬಿಳಿಜೋಳದ, ಕಡಲೆ–ಕುಸುಬೆಯ ನಾಡು. ಎಕರೆಗೆ ನಾಲ್ಕೈದು ಚೀಲ ಜೋಳ ಬಂದರೆ ಬಂಡಿಯಲ್ಲೇ ಮನೆ ಸೇರುತ್ತಿತ್ತು. ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. 2006ರ ಆಗಸ್ಟ್ 21ರಂದು ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಒಪ್ಪಿಸಿದರು. ಈ ನಾಲ್ಕು ದಶಕಗಳಲ್ಲಿ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು, ಜನ ಎತ್ತರದ ಜಾಗಕ್ಕೆ ಹೋದರು. ಕಾಲುವೆ ಬಂತು, ಮುಳವಾಡ, ಚಿಮ್ಮಲಗಿ ಏತ ನೀರಾವರಿ ಬಂದವು, ಬೆನ್ನಿಗೇ ಕಬ್ಬು ಬಂತು. ಎಕರೆಗೆ ನಲವತ್ತು ಟನ್ ಕಬ್ಬು ಬೆಳೆದರೆ ಆ ನಲವತ್ತು ಟನ್ನೂ ಒಣಗುವ ಮೊದಲೇ ಕಾರ್ಖಾನೆಯ ತೂಕದ ಕಟ್ಟೆ ಮುಟ್ಟಬೇಕು. ಉಳುವುದಕ್ಕೆಂದು ತಂದ ಟ್ರ್ಯಾಕ್ಟರು ಹೀಗೆ ಹೊರೆ ಜಗ್ಗುವ ಗಾಡಿಯಾಯಿತು.

ಹಾಗೆಂದು ಕಟ್ಟುವ ಜಾಗದ ಅರಿವು ಇಲ್ಲಿಯವರಿಗೆ ಟ್ರ್ಯಾಕ್ಟರಿನ ಜೊತೆ ಬಂದದ್ದಲ್ಲ. ರಂಟೆ ಹೊಡೆದ ಹಿರಿಯರನ್ನು ಕೇಳಿ. ಈಸಿನ ಮೇಲೆ ನೊಗ ಕಟ್ಟುವ ಜಾಗವನ್ನು ಒಂದು ಗೇಣು ಮುಂದೆ ಸರಿಸಿದರೆ ರಂಟೆ ಆಳಕ್ಕೆ ಇಳಿಯುತ್ತದೆ, ಹಿಂದಕ್ಕೆ ತಂದರೆ ಮೇಲೇಳುತ್ತದೆ. ಎತ್ತುಗಳು ಅವೇ, ನೆಲ ಅದೇ, ಕುಳವೂ ಅದೇ. ಬದಲಾದದ್ದು ಮಿಣಿ ಬಿಗಿದ ಜಾಗ ಮಾತ್ರ. ಹಸಿ ಎರೆಯಲ್ಲಿ ಒಂದು ಬಗೆ, ಬಿರಿದ ಎರೆಯಲ್ಲಿ ಇನ್ನೊಂದು ಬಗೆ ಎಂದು ಬೆಳಗಿನ ತಂಪಿನಲ್ಲಿ ಹೊಲದ ಬದುವಿನ ಮೇಲೆ ನಿಂತೇ ತೀರ್ಮಾನಿಸುತ್ತಿದ್ದರು. ಬಲರೇಖೆ, ಕೋನ ಎಂದು ಕಾಲೇಜಿನಲ್ಲಿ ಕಲಿಸುವ ಪಾಠವನ್ನು ಅವರ ಕೈ ಬಲ್ಲದಾಗಿತ್ತು.

ಜಾತ್ರೆಗಳಲ್ಲೂ ಇದೇ ವಿದ್ಯೆ ಕಣಕ್ಕೆ ಇಳಿಯುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ತೆರಬಂಡಿ ಸ್ಪರ್ಧೆ ಎಂದರೆ ಊರಿಗೆ ಊರೇ ಸೇರುತ್ತದೆ. ಗಾಲಿ ಉರುಳದಂತೆ ಬಿಗಿದ, ಹೊರೆ ಹೇರಿದ ಬಂಡಿಯನ್ನು ಜೋಡೆತ್ತು ಎಷ್ಟು ದೂರ ಜಗ್ಗುತ್ತವೆ ಎಂದು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆ ನಡೆಯುತ್ತದೆ. ಸಂಗ್ರಾಣಿ ಕಲ್ಲನ್ನು ಮೈಗೆ ಒತ್ತಿ ಹಿಡಿದು ಎತ್ತುವ ಪೈಲ್ವಾನನ್ನು ಗಮನಿಸಿ ನೋಡಿ. ಕಲ್ಲು ಮೈಯಿಂದ ಒಂದು ಗೇಣು ದೂರ ಸರಿದರೂ ಸೊಂಟ ಹಿಡಿಯುತ್ತದೆಂದು ಅವನಿಗೆ ಗೊತ್ತು. ಎಳೆಯುವಾಗ ಎಷ್ಟು ಕೆಳಗೆ, ಎತ್ತುವಾಗ ಎಷ್ಟು ಹತ್ತಿರ: ಟ್ರ್ಯಾಕ್ಟರಿನ ಹಿಂಭಾಗದ ಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿದೆ.

ಕಬ್ಬಿಣದ ನೇಗಿಲು ಈ ಭಾಗಕ್ಕೆ ಬಂದದ್ದರಲ್ಲಿ ನಮ್ಮ ಪಕ್ಕದ ಬೆಳಗಾವಿಯ ಪಾಲು ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರು ತಯಾರಿಸಿದ ಕಬ್ಬಿಣದ ನೇಗಿಲನ್ನು ರೈತರು ಮೊದಮೊದಲು ಮುಟ್ಟಲೂ ಹಿಂಜರಿದರು. ಕಬ್ಬಿಣ ಸೋಕಿದರೆ ನೆಲ ಕೆಡುತ್ತದೆ ಎಂಬ ಭಯ ಆಗ ಜನರಲ್ಲಿತ್ತು. 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ, ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ, ಕಿರ್ಲೋಸ್ಕರವಾಡಿ ಎದ್ದ ಮೇಲೆ ಆ ನೇಗಿಲು ದಖ್ಖನದ ಎರೆ ಹೊಲಗಳಿಗೆಲ್ಲ ಹಬ್ಬಿತು. ಆಳದ ಕರಿಕೆ ಬೇರು ಕೀಳಲು ನಾಲ್ಕಾರು ಜೋಡೆತ್ತು ಹೂಡಿ ಮಡಿಕೆ ಹೊಡೆಯುವುದು ಉಳ್ಳವರ ಹೊಲದ ದೊಡ್ಡ ಕೆಲಸವಾಗಿತ್ತು. ಆ ಕೆಲಸವನ್ನೇ ಮುಂದೆ ಟ್ರ್ಯಾಕ್ಟರು ವಹಿಸಿಕೊಂಡಿತು.

ಆದರೆ ಮೊದಲ ತಲೆಮಾರಿನ ಟ್ರ್ಯಾಕ್ಟರುಗಳಿಗೆ ಒಂದು ಕೆಟ್ಟ ಗುಣವಿತ್ತು. ಅಮೆರಿಕದ ಹೆನ್ರಿ ಫೋರ್ಡ್ 1917ರಲ್ಲಿ ಹೊರತಂದ ಫೋರ್ಡ್‌ಸನ್ ಅಗ್ಗವಾಗಿತ್ತು, ಹಗುರವಾಗಿತ್ತು, ಜಗತ್ತೆಲ್ಲ ಮಾರಾಟವಾಯಿತು. ನೇಗಿಲನ್ನು ಬಂಡಿಯಂತೆ ಸರಪಳಿಯಲ್ಲೋ ಕೊಂಡಿಯಲ್ಲೋ ಹಿಂದೆ ಕಟ್ಟಿ ಎಳೆಯುತ್ತಿದ್ದರು. ಕುಳ ನೆಲದೊಳಗಿನ ಬಂಡೆಗೋ ಬೇರಿಗೋ ಸಿಕ್ಕಿದರೆ ನೇಗಿಲು ನಿಲ್ಲುತ್ತಿತ್ತು, ಇಂಜಿನ್ ನಿಲ್ಲುತ್ತಿರಲಿಲ್ಲ. ಹಿಂದಿನ ಗಾಲಿ ತಿರುಗಲಾರದೆ ಹೋದಾಗ ಗಾಡಿಯ ಮುಂಭಾಗವೇ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಹಾಗೆ ಸತ್ತ ರೈತರು ಬಹಳ.

ಇದಕ್ಕೆ ಪರಿಹಾರ ಹುಡುಕಿದವರು ಐರ್ಲೆಂಡಿನ ರೈತ ಕುಟುಂಬದಲ್ಲಿ 1884ರಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ಪರವಾಗಿ ಊರೂರು ಸುತ್ತಿ ಟ್ರ್ಯಾಕ್ಟರುಗಳ ಉಳುಮೆ ನೋಡಿದ ಅವರಿಗೆ ತಪ್ಪು ಎಲ್ಲಿದೆಯೆಂದು ಕಾಣಿಸಿತು. ನೇಗಿಲು ಬೇರೆ, ಟ್ರ್ಯಾಕ್ಟರು ಬೇರೆ ಆಗಿರುವುದೇ ತಪ್ಪು, ಎರಡೂ ಒಂದೇ ಮೈಯಾಗಬೇಕು. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು, ಒಟ್ಟು ಮೂರು ಕಡೆ ಹಿಡಿತ, ಜೊತೆಗೆ ಎಣ್ಣೆಯ ಒತ್ತಡದಿಂದ ತಾನಾಗಿ ಏರಿಳಿಯುವ ಲಿಫ್ಟ್. ಈ ಏರ್ಪಾಟಿನ ಪೇಟೆಂಟ್ ಅವರಿಗೆ 1926ರಲ್ಲಿ ಸಿಕ್ಕಿತು. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದವಿಲ್ಲ, ಸಹಿಯಿಲ್ಲ. ಮರುವರ್ಷವೇ ಆ ಜೋಡಿಯ ಟ್ರ್ಯಾಕ್ಟರು ಹೊರಬಂತು. ಫೋರ್ಡ್ ಅವರ ಮೊಮ್ಮಗ ಅಧಿಕಾರಕ್ಕೆ ಬಂದ ಮೇಲೆ ಆ ಮಾತು ಮುರಿಯಿತು. ವ್ಯಾಜ್ಯ ಕೋರ್ಟಿಗೆ ಹೋಗಿ, 1952ರಲ್ಲಿ ಫರ್ಗ್ಯುಸನ್‌ಗೆ ತೊಂಬತ್ತೆರಡೂವರೆ ಲಕ್ಷ ಡಾಲರ್ ಕೊಟ್ಟು ಮುಗಿಯಿತು. ಅಷ್ಟರಲ್ಲಿ ಅವರು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ ತಮ್ಮದೇ ಟಿಇ20 ಎಂಬ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರು ತಯಾರಿಸತೊಡಗಿದ್ದರು. ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಈ ಫರ್ಗ್ಯುಸನ್ ಟ್ರ್ಯಾಕ್ಟರುಗಳ ಮೇಲೆಯೇ.

ಫರ್ಗ್ಯುಸನ್ ಮಾಡಿದ್ದು ಸರಳವಾಗಿ ಕಾಣುತ್ತದೆ, ಆದರೆ ಯೋಚಿಸಿದಷ್ಟೂ ಅದರ ಆಳ ತಿಳಿಯುತ್ತದೆ. ಕೆಳಗಿನ ಎರಡು ತೋಳು ನೇಗಿಲನ್ನು ಎಳೆಯುತ್ತವೆ. ಮೇಲಿನ ತೋಳು, ನಮ್ಮ ಮಿಸ್ತ್ರಿಗಳು ಟಾಪ್ ಲಿಂಕ್ ಎನ್ನುವುದು, ಎಳೆಯುವುದಿಲ್ಲ, ದೂಡುತ್ತದೆ. ನೆಲ ನೇಗಿಲನ್ನು ಹಿಂದಕ್ಕೆ ಹಿಡಿದಾಗ ನೇಗಿಲಿನ ತಲೆ ಮುಂದಕ್ಕೆ ಬಾಗಿ ಟಾಪ್ ಲಿಂಕನ್ನು ಟ್ರ್ಯಾಕ್ಟರಿನತ್ತ ಒತ್ತುತ್ತದೆ. ಆ ಒತ್ತು ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಮೇಲಿನ ಮತ್ತು ಕೆಳಗಿನ ತೋಳುಗಳ ಗೆರೆಯನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆಯುತ್ತ ಹೋದರೆ ಅವು ಕೂಡುವುದು ಗಾಡಿಯ ಮುಂಭಾಗದಲ್ಲಿ. ನೇಗಿಲು ಕಟ್ಟಿರುವುದು ಹಿಂದೆಯಾದರೂ ಎಳೆತ ನಡೆಯುವುದು ಮುಂದಿನ ಅಚ್ಚಿನ ಹತ್ತಿರ ಕಟ್ಟಿದ ಹಾಗೆ. ಮಗುಚುವ ಭಯ ಹೀಗೆ ಹೋಯಿತು. ಟಾಪ್ ಲಿಂಕಿನ ಬುಡದಲ್ಲಿ ಒಂದು ದಪ್ಪ ಸ್ಪ್ರಿಂಗ್ ಇದೆ. ನೆಲ ಗಟ್ಟಿಯಾಗಿ ಒತ್ತು ಹೆಚ್ಚಾದಾಗ ಸ್ಪ್ರಿಂಗ್ ಅದುಮಿ ಎಣ್ಣೆಯ ವಾಲ್ವ್ ತೆರೆಯುತ್ತದೆ, ನೇಗಿಲು ತುಸು ಮೇಲೇಳುತ್ತದೆ, ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬಂದು ಹಿಡಿತ ಹೆಚ್ಚುತ್ತದೆ. ನೆಲ ಮೆತ್ತಗಾದರೆ ಮತ್ತೆ ಇಳಿಯುತ್ತದೆ. ಎರಡು ಸನ್ನೆಗಳಲ್ಲಿ ಡ್ರಾಫ್ಟ್ ಎನ್ನುವುದು ಈ ಕೆಲಸಕ್ಕೆ, ಪೊಜಿಷನ್ ಎನ್ನುವುದು ಎತ್ತರ ಹಿಡಿದು ನಿಲ್ಲಿಸುವುದಕ್ಕೆ. ರಂಟೆ ಹೊಡೆಯುವಾಗ ಹಿಡಿಯ ಮೇಲಿನ ಕೈ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಆ ಐರಿಷ್ ಮನುಷ್ಯ ಸ್ಪ್ರಿಂಗಿಗೂ ಎಣ್ಣೆಗೂ ಕಲಿಸಿದ. ಯಂತ್ರವಿದ್ಯೆಯಲ್ಲಿ ನಾನು ಇದಕ್ಕಿಂತ ಹೆಚ್ಚು ಮೆಚ್ಚಿದ್ದು ಮತ್ತೊಂದಿಲ್ಲ.

ಭಾರತಕ್ಕೆ ಈ ವಿದ್ಯೆ ಹಲವು ದಾರಿಯಲ್ಲಿ ಬಂತು. ಫರೀದಾಬಾದಿನಲ್ಲಿ 1959ರಲ್ಲಿ ಐಷರ್ ಟ್ರ್ಯಾಕ್ಟರು ತಯಾರಾಯಿತು. ಮದರಾಸಿನ ಟಾಫೆ 1960ರಲ್ಲಿ ಹುಟ್ಟಿ ಮ್ಯಾಸಿ ಫರ್ಗ್ಯುಸನ್ ಗಾಡಿಗಳನ್ನು ತಯಾರಿಸತೊಡಗಿತು. ಮಹೀಂದ್ರದವರು ಇಂಟರ್‌ನ್ಯಾಷನಲ್ ಬಿ–275 ತಂದರು. ಪಿಂಜೋರಿನಲ್ಲಿ ಎಚ್‌ಎಂಟಿ 1971ರಿಂದ ಝೆಕೊಸ್ಲೊವಾಕಿಯಾದ ಜೆಟರ್ ಮಾದರಿಯ 25 ಎಚ್‌ಪಿಯ ಗಾಡಿ ತಯಾರಿಸಿತು. ದುರ್ಗಾಪುರದ ಸಂಶೋಧನಾಲಯದಲ್ಲಿ ನಮ್ಮವರೇ ರೂಪಿಸಿದ ಸ್ವರಾಜ್ 1974ರಲ್ಲಿ ಪಂಜಾಬಿನಿಂದ ಹೊರಬಂತು. ಇವೆಲ್ಲ ಈಗ ಹಳೆಯ ಗಾಡಿಗಳು. ಎಚ್‌ಎಂಟಿಯ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟವೇ ಒಪ್ಪಿಗೆ ಕೊಟ್ಟಿತು. ಆದರೂ ನಮ್ಮ ಸೀಮೆಯಲ್ಲಿ ಹಳೆಯ ಗಾಡಿಯನ್ನು ಮನೆಯ ಮಗನಂತೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಮಹಾನವಮಿಗೆ ಬೂದುಗುಂಬಳ ಒಡೆದು, ಗಾಲಿಗೆ ಕುಂಕುಮ ಹಚ್ಚಿ, ಮರುದಿನ ಬೆಳಿಗ್ಗೆ ಕುಂಟೆ ಕಟ್ಟುತ್ತಾರೆ. ಅವರ ಈ ನಿಷ್ಠೆ ನನಗೆ ಬಹಳ ಹಿಡಿಸುತ್ತದೆ. ಗಟ್ಟಿ ಎರಕದ ಮೈ, ಬಿಚ್ಚಿ ಜೋಡಿಸಲು ಬರುವ ಪಂಪು, ನಾಲ್ಕು ಪಾನಾದಲ್ಲಿ ಮುಗಿಯುವ ರಿಪೇರಿ: ಹೊಸದರಲ್ಲಿ ಇವು ಸಿಗುವುದಿಲ್ಲ.

ಆದರೆ ಹಳೆಯ ಗಾಡಿಯ ಲಿಫ್ಟಿಗೆ ವಯಸ್ಸಿನ ಕಾಯಿಲೆಗಳೂ ಇವೆ. ಸಾಮಾನು ಎತ್ತಿ ಇಂಜಿನ್ ಬಂದ್ ಮಾಡಿದರೆ ಅದು ನಿಧಾನಕ್ಕೆ ನೆಲಕ್ಕೆ ಇಳಿದುಬಿಡುತ್ತದೆ. ಪಿಸ್ಟನ್ನಿನ ರಬ್ಬರ್ ಉಂಗುರ ಸವೆದಿರುತ್ತದೆ, ಇಲ್ಲವೇ ವಾಲ್ವ್ ಸೋರುತ್ತಿರುತ್ತದೆ. ಇಂಜಿನ್ ಚಾಲೂ ಇರುವಾಗ ಲಿಫ್ಟು ತಲೆ ಅಲ್ಲಾಡಿಸುತ್ತ ಏರಿಳಿಯುತ್ತಿದ್ದರೆ ಅದೂ ಒಳಗಿನ ಸೋರಿಕೆಯ ಲಕ್ಷಣವೇ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಮಳೆಗಾಲದಲ್ಲಿ ಗೇರ್ ಸನ್ನೆಯ ರಬ್ಬರ್ ಹರಿದಿದ್ದರೆ ಹೀಗಾಗುತ್ತದೆ. ಹಳೆಯ ಮ್ಯಾಸಿಯಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ, ಹಾಗಾಗಿ ಎಣ್ಣೆ ಕೆಟ್ಟರೆ ಎರಡೂ ಕೆಡುತ್ತವೆ. ರಿಪೇರಿಯನ್ನು ಒಂದು ಹಂಗಾಮು ಮುಂದೆ ಹಾಕಿದರೂ ನಡೆದೀತು. ಒಂದು ಮಾತು ಮಾತ್ರ ಮರೆಯುವಂತಿಲ್ಲ: ಎತ್ತಿ ನಿಲ್ಲಿಸಿದ ರೊಟಾವೇಟರ್ ಅಥವಾ ಪಲ್ಟಿ ನೇಗಿಲಿನ ಕೆಳಗೆ, ಬರೀ ಎಣ್ಣೆಯನ್ನು ನಂಬಿ, ಕೈಯನ್ನಾಗಲಿ ತಲೆಯನ್ನಾಗಲಿ ತೂರಿಸಬಾರದು. ಬ್ಲೇಡು ಬದಲಿಸುವ ಮುಂಚೆ ದಪ್ಪ ಮರದ ತುಂಡು ಕೊಟ್ಟು, ಇಂಜಿನ್ ಬಂದ್ ಮಾಡಿ, ಸಾಮಾನನ್ನು ಅದರ ಮೇಲೆ ಇಳಿಸಬೇಕು.

ಈಗ ಎಳೆಯುವ ಲೆಕ್ಕಕ್ಕೆ ಬರೋಣ. ಸುಮಾರು 1,800 ಕಿಲೋ ತೂಗುವ ಒಂದು ಟ್ರ್ಯಾಕ್ಟರನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅಂತರ 1.9 ಮೀಟರ್. ಮುಂದಿನ ಗಾಲಿಗಳ ಮೇಲೆ ಇರುವ ತೂಕ 680 ಕಿಲೋ ಎನ್ನಿ. ಹುಕ್ಕು ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿದ್ದು ಒಂದು ಸಾವಿರ ಕಿಲೋ ಬಲದಲ್ಲಿ ಜಗ್ಗಿದರೆ ಮುಂದಿನ ಗಾಲಿಯಿಂದ ಸುಮಾರು 237 ಕಿಲೋ ಹಿಂದಕ್ಕೆ ಸರಿಯುತ್ತದೆ. ಮುಂದೆ 443 ಉಳಿಯುತ್ತದೆ, ಸ್ಟೀರಿಂಗ್ ಮಾತು ಕೇಳುತ್ತದೆ. ಅದೇ ಜಗ್ಗಾಟವನ್ನು ಟಾಪ್ ಲಿಂಕ್ ಕಟ್ಟುವ ಜಾಗಕ್ಕೆ, ಅಂದರೆ 90 ಸೆಂಟಿಮೀಟರ್ ಎತ್ತರಕ್ಕೆ ಸರಪಳಿ ಹಾಕಿ ಮಾಡಿದರೆ? 474 ಕಿಲೋ ಹಿಂದಕ್ಕೆ ಹೋಗಿ ಮುಂದೆ ಉಳಿಯುವುದು 206 ಮಾತ್ರ. ಗಾಡಿಯ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಅಚ್ಚಿನ ಮೇಲೆ ಇರಬೇಕೆಂಬುದು ಸುರಕ್ಷತೆಯ ರೂಢಿ. ಈ ಗಾಡಿಗೆ ಅದು 360 ಕಿಲೋ. ಇದೆಲ್ಲ ಸಪಾಟು ನೆಲದ ಲೆಕ್ಕ. ಕಾಲುವೆಯ ಏರಿ ಹತ್ತುವಾಗ, ಕ್ಲಚ್ ಒಮ್ಮೆಲೇ ಬಿಟ್ಟಾಗ ಆ 206 ಕೂಡ ಉಳಿಯುವುದಿಲ್ಲ.

ನಮ್ಮ ಡ್ರೈವರುಗಳು ‘ಮುಂದ ಹಗುರಾತು’ ಎನ್ನುವುದು ಈ ಸ್ಥಿತಿಗೆ. ಹಗುರಾಗಿದೆ ಎಂದು ತಿಳಿದ ಮೇಲೆ ಸಮಯ ಸಿಗುತ್ತದೆಂದು ಅವರು ನಂಬಿರುತ್ತಾರೆ. ಸಿಗುವುದಿಲ್ಲ. ಮೂತಿ ಎದ್ದ ಟ್ರ್ಯಾಕ್ಟರು ಮರಳಿ ಬಾರದ ಹಂತ ದಾಟಲು ಮುಕ್ಕಾಲು ಸೆಕೆಂಡು ಸಾಕು, ಪೂರ್ತಿ ಮಗುಚಿ ನೆಲ ಸೇರಲು ಒಂದೂವರೆ ಸೆಕೆಂಡು. ಮನುಷ್ಯ ಅಪಾಯ ಕಂಡು ಕಾಲನ್ನು ಕ್ಲಚ್ಚಿನ ಮೇಲೆ ಒತ್ತಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಧೈರ್ಯಕ್ಕೂ ಅನುಭವಕ್ಕೂ ಇಲ್ಲಿ ಜಾಗವಿಲ್ಲ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಡ್ರೈವರನನ್ನು ಕಾಯುವ ಉಕ್ಕಿನ ಚೌಕಟ್ಟು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಇಳಿಯುತ್ತ ಬಂತು. ನಮ್ಮಲ್ಲಿ ಬಿಸಿಲಿಗೆಂದು ಹಾಕಿಸುವ ತಗಡಿನ ಛಾವಣಿ ಆ ಕೆಲಸ ಮಾಡುವುದಿಲ್ಲ.

ಕಬ್ಬಿನ ಹೊಲದಿಂದ ಟ್ರೇಲರ್ ಹೊರಗೆಳೆಯುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ನೀರು ಬಿಟ್ಟ ಎರೆಯಲ್ಲಿ ಗಾಲಿ ಹುಗಿದಿರುತ್ತದೆ. ಕಡಿಯುವ ಗ್ಯಾಂಗಿನವರು ಕಾಯುತ್ತಿರುತ್ತಾರೆ, ಕಾರ್ಖಾನೆಯ ಸರದಿ ತಪ್ಪುತ್ತದೆ ಎಂಬ ಆತುರ ಬೇರೆ. ಆಗ ಹಿಂದಿನ ಗಾಲಿಗೆ ಅಡ್ಡಲಾಗಿ ಮರದ ದಿಮ್ಮಿ ಕೊಟ್ಟು ಎಕ್ಸಲೇಟರ್ ಒತ್ತುವುದು ಊರೂರಿನ ರೂಢಿಯಾಗಿದೆ. ಫೋರ್ಡ್‌ಸನ್ ಕಾಲದ ಸಾವು ಮರುಕಳಿಸುವುದು ಇಲ್ಲೇ. ದಿಮ್ಮಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಗಾಲಿ ತಿರುಗದಿದ್ದರೆ ಇಂಜಿನ್ನಿನ ಬಲ ಅಚ್ಚಿನ ಸುತ್ತ ಗಾಡಿಯನ್ನೇ ತಿರುಗಿಸುತ್ತದೆ. ಹುಗಿದ ಗಾಡಿಯನ್ನು ರಿವರ್ಸಿನಲ್ಲಿ ಹಿಂದಕ್ಕೆ ತೆಗೆಯಲು ಮೊದಲು ನೋಡಬೇಕು, ಗಾಲಿಯ ಹಿಂದಿನ ಮಣ್ಣು ಕೆತ್ತಬೇಕು, ಅದೂ ಆಗದಿದ್ದರೆ ಟ್ರೇಲರ್ ಬಿಚ್ಚಿ ಇಂಜಿನ್ ಹೊರತಂದು ಆಮೇಲೆ ಉದ್ದ ಸರಪಳಿಯಿಂದ ಟ್ರೇಲರ್ ಎಳೆಯಬೇಕು. ಆ ಹೊತ್ತಿನಲ್ಲಿ ಸರಪಳಿಯ ಅಕ್ಕಪಕ್ಕ ಯಾರೂ ನಿಲ್ಲಬಾರದು. ಬಿಗಿದ ಸರಪಳಿ ಹರಿದರೆ ಅದರ ತುಂಡು ಎತ್ತ ಹಾರುತ್ತದೆಂದು ಹೇಳಲಾಗದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳದಂಥದ್ದು. ಕೆಳಗಿನ ಎರಡು ತೋಳುಗಳ ನಡುವೆ ತೂತುಗಳಿರುವ ಒಂದು ಪಟ್ಟಿ ಹಾಕಿ, ಅದಕ್ಕೇ ಟ್ರೇಲರ್ ಕಟ್ಟುವವರಿದ್ದಾರೆ. ಸಣ್ಣ ಸಾಮಾನಿಗೆ ಅದು ಸರಿ. ತುಂಬಿದ ಟ್ರೇಲರಿಗೆ ಆಗದು. ತೋಳುಗಳು ಲಿಫ್ಟಿನ ಜೊತೆ ಮೇಲೇರುವಂಥವು. ಸನ್ನೆಗೆ ಕೈ ತಾಗಿದರೂ ಸಾಕು, ಕಟ್ಟಿದ ಜಾಗ ಮೇಲೆ ಹೋಗುತ್ತದೆ, ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಹೊರೆ ಎಳೆಯುವುದಕ್ಕೆ ಕಂಪನಿಯವರು ಮೈಗೆ ಬೋಲ್ಟ್ ಮಾಡಿ ಕೊಟ್ಟ ಹುಕ್ಕು ಇದೆ, ಕೆಲವು ಗಾಡಿಗಳಲ್ಲಿ ತಳದಲ್ಲಿ ಉದ್ದನೆಯ ಪಟ್ಟಿಯೂ ಇದೆ. ಎತ್ತುವುದಕ್ಕೆ ಮೂರು ತೋಳು, ಎಳೆಯುವುದಕ್ಕೆ ಹುಕ್ಕು. ಇವೆರಡನ್ನು ಬೆರೆಸಬಾರದು.

ಎತ್ತುವ ಲೆಕ್ಕವೂ ಇದೇ ತಕ್ಕಡಿಯದ್ದು. ಮೂರು ತೋಳಿಗೆ ಉದ್ದನೆಯ ಕಬ್ಬಿಣದ ಕೋಲು ಕೂಡಿಸಿ ಪಂಪಿನ ಮೋಟರನ್ನೋ ಕಲ್ಲನ್ನೋ ಎತ್ತುವುದು ಈಗ ಸಾಮಾನ್ಯ. ಹಿಂದಿನ ಅಚ್ಚಿನಿಂದ ಮೂರು ಮೀಟರ್ ಆಚೆ 300 ಕಿಲೋ ತೂಗುಹಾಕಿದರೆ ಮುಂದಿನ ಗಾಲಿಯಿಂದ ಕಳೆಯುವುದು ಅದೇ 474 ಕಿಲೋ. ಸಾವಿರ ಕಿಲೋ ತಪ್ಪು ಜಾಗದಿಂದ ಜಗ್ಗುವುದೂ ಮುನ್ನೂರು ಕಿಲೋ ದೂರದಿಂದ ಎತ್ತುವುದೂ ಗಾಡಿಯ ಮೂತಿಗೆ ಒಂದೇ. ಲಿಫ್ಟ್ ಇಷ್ಟು ಸಾವಿರ ಕಿಲೋ ಎತ್ತುತ್ತದೆ ಎಂಬ ಜಾಹೀರಾತನ್ನೂ ಹುಷಾರಾಗಿ ಓದಬೇಕು. ತೋಳಿನ ತುದಿಯಲ್ಲೇ ಎತ್ತುವ ತೂಕ ಬೇರೆ, ಅಲ್ಲಿಂದ 610 ಮಿಲಿಮೀಟರ್ ಹಿಂದೆ ಎತ್ತುವ ತೂಕ ಬೇರೆ. ಪರೀಕ್ಷಾಲಯಗಳು ಅಳೆಯುವುದು ಆ ಎರಡನೆಯದನ್ನೂ ಸೇರಿಸಿ. ಮಧ್ಯಪ್ರದೇಶದ ಬುಧನಿಯಲ್ಲಿ 1955ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಗಾಡಿ ಕೊಳ್ಳುವವರು ಅಂಗಡಿಯಲ್ಲಿ ಆ ವರದಿ ಕೇಳಬೇಕು.

ಅಮೆರಿಕದಲ್ಲಿ ಮನೆಯಂಗಳದ ಪುಟ್ಟ ಟ್ರ್ಯಾಕ್ಟರುಗಳ ಒಂದು ಲೋಕವೇ ಇದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ತಂದ ಏಳು ಎಚ್‌ಪಿಯ ಕಬ್ ಕೆಡೆಟ್, ಜಾನ್ ಡಿಯರ್ 1963ರಲ್ಲಿ ತಂದ 110 ಇಂದಿಗೂ ಅಲ್ಲಿನ ಹವ್ಯಾಸಿಗಳ ಪ್ರೀತಿಯ ಗಾಡಿಗಳು. ಅವಕ್ಕೂ ಹಿಂದೆ ಪುಟ್ಟ ತೋಳು ಕೂಡಿಸಿ ನೇಗಿಲು, ಬ್ಲೇಡು ಕಟ್ಟುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸಣ್ಣ ಟ್ರ್ಯಾಕ್ಟರು ಹವ್ಯಾಸವಲ್ಲ, ಹೊಟ್ಟೆಪಾಡು. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಪಡಗಳಲ್ಲಿ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಇಂಡಿಯ ಲಿಂಬೆ ತೋಟಗಳಲ್ಲಿ ದೊಡ್ಡ ಗಾಡಿ ಸಾಲಿನ ನಡುವೆ ತೂರುವುದಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಶುರುವಾದ ವಿಎಸ್‌ಟಿ ಕಂಪನಿಯ 18.5 ಎಚ್‌ಪಿಯ ಪುಟ್ಟ ಗಾಡಿಯಂಥವು ಅಲ್ಲಿ ಔಷಧಿ ಹೊಡೆಯುತ್ತವೆ, ಹರಗುತ್ತವೆ, ಗೊಬ್ಬರ ಒಯ್ಯುತ್ತವೆ.

ಪುಟ್ಟ ಗಾಡಿಗೆ ತಪ್ಪು ತಡೆಯುವ ಶಕ್ತಿ ಇನ್ನೂ ಕಡಿಮೆ. 800 ಕಿಲೋ ತೂಕ, ಅಚ್ಚುಗಳ ಅಂತರ 1.4 ಮೀಟರ್, ಮುಂದೆ 320 ಕಿಲೋ ಎಂದುಕೊಳ್ಳಿ. ಲಿಫ್ಟಿನ ಮೇಲೆ 200 ಲೀಟರಿನ ತುಂಬಿದ ಔಷಧಿ ಟಾಕಿ, ಪಂಪು ಸೇರಿ 260 ಕಿಲೋ, ಅಚ್ಚಿನಿಂದ 90 ಸೆಂಟಿಮೀಟರ್ ಹಿಂದೆ ಇಟ್ಟರೆ ಮುಂದೆ ಉಳಿಯುವುದು 153 ಕಿಲೋ. ಐದನೇ ಒಂದು ಭಾಗದ ರೂಢಿಗೆ ಅದು ಆಗಲೇ ಕಡಿಮೆ. ಟಾಕಿ ಒಂದು ಗೇಣು ಮುಂದೆ ಬರುವಂತೆ ಚೌಕಟ್ಟು ಮಾಡಿಸಿದರೆ, ಮುಂದೆ ಕಂಪನಿಯ ತೂಕದ ಬಿಲ್ಲೆ ಹಾಕಿಸಿದರೆ ಇದೇ ಗಾಡಿ ನಿಶ್ಚಿಂತವಾಗಿ ಕೆಲಸ ಮಾಡುತ್ತದೆ. ಹಿಂದಿನ ಗಾಲಿಯ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ಜಾರುವಿಕೆಗೆ ಮದ್ದು. ಮುಂದಿನ ಹಗುರಿಗೆ ಅದು ಮದ್ದಲ್ಲ, ಕೆಲವರು ಎರಡನ್ನೂ ಒಂದೆಂದು ತಿಳಿಯುತ್ತಾರೆ.

ರಸ್ತೆಯ ಮಾತನ್ನೂ ಬಿಡುವಂತಿಲ್ಲ. ಎರಡು ಟನ್ನಿನ ಇಂಜಿನ್ ಹತ್ತಿಪ್ಪತ್ತು ಟನ್ ಕಬ್ಬನ್ನು ಏರಿನಲ್ಲಿ ಎಳೆಯಬಲ್ಲದು, ಇಳಿಜಾರಿನಲ್ಲಿ ತಡೆಯಲಾರದು. ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ದೂಡಿದಾಗ ಗಾಡಿ ಹುಕ್ಕಿನ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದು, ಹೊಲದಲ್ಲಿ ಬೇರೆ ಮಾಡಿದ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬಂದ ಮೇಲೂ ಜೋಡಿಸದಿರುವುದು, ಪಿನ್ನಿಗೆ ಬದಲು ಸರಳಿನ ತುಂಡು ತೂರಿಸುವುದು ಇವೆಲ್ಲ ಗೊತ್ತಿದ್ದೂ ನಡೆಯುವ ತಪ್ಪುಗಳು. ಕತ್ತಲಾದ ಮೇಲೆ ಹಿಂದೆ ಕೆಂಪು ದೀಪವಿಲ್ಲದೆ, ಹೊಳೆಯುವ ಪಟ್ಟಿಯಿಲ್ಲದೆ ನಿಂತ ಟ್ರೇಲರಿಗೆ ಬೈಕಿನವರು ಬಡಿದು ಸತ್ತ ಸುದ್ದಿ ನಮ್ಮ ಭಾಗದಲ್ಲಿ ಹಂಗಾಮಿನಲ್ಲೆಲ್ಲ ಕೇಳಿಬರುತ್ತದೆ. ಇದನ್ನು ಹಣೆಬರಹ ಎಂದು ಒಪ್ಪಲು ನನ್ನಿಂದಾಗದು.

ಕಾರ್ಖಾನೆಗಳ ಅಂಗಳದಲ್ಲಿ ತೂಕದ ಸರದಿಗಾಗಿ ಟ್ರ್ಯಾಕ್ಟರುಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಡ್ರೈವರುಗಳು ಚಹಾ ಕುಡಿಯುತ್ತ, ಗಾಡಿಯ ನೆರಳಿನಲ್ಲಿ ಮಲಗುತ್ತ ಕಾಯುತ್ತಾರೆ. ಆ ಹೊತ್ತಿನಲ್ಲೇ ಕಾರ್ಖಾನೆಯವರು ಒಬ್ಬ ಮಿಸ್ತ್ರಿಯನ್ನು ನಿಲ್ಲಿಸಿ ಪ್ರತಿ ಗಾಡಿಯ ಹುಕ್ಕು, ಪಿನ್ನು, ಟ್ರೇಲರಿನ ಬ್ರೇಕು, ಹಿಂದಿನ ದೀಪ ನೋಡಿಸಬಹುದು. ಸವೆದ ಪಿನ್ನಿಗೆ ಹೊಸದು ಕೊಟ್ಟು ಬಿಲ್ಲಿನಲ್ಲಿ ಮುರಿದುಕೊಂಡರೂ ಯಾವ ರೈತನೂ ಬೇಡವೆನ್ನಲಾರ. ವಿಜಯಪುರದ ಹಿಟ್ಟಿನಹಳ್ಳಿಯಲ್ಲಿ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಬೀಜ, ಗೊಬ್ಬರ, ಕೀಟದ ತರಬೇತಿಯ ಜೊತೆಗೆ ಟ್ರ್ಯಾಕ್ಟರಿನ ಹಿಂಭಾಗದ ಒಂದು ದಿನದ ಪಾಠವನ್ನು ಡ್ರೈವರುಗಳಿಗೆ, ಅದರಲ್ಲೂ ಹದಿನೆಂಟು ದಾಟಿದ ಕೂಡಲೇ ಸ್ಟೀರಿಂಗ್ ಹಿಡಿಯುವ ಹುಡುಗರಿಗೆ, ಅಲ್ಲಿಯವರು ಕಲಿಸಬೇಕು. ನಿಡಗುಂದಿ ಈಗ ತಾಲ್ಲೂಕು ಕೇಂದ್ರ. ಕಬ್ಬು ಕಡಿಯಲು ಶುರುವಾಗುವ ಮುಂಚೆ ಇಲ್ಲಿಯೇ ಆ ಪಾಠ ನಡೆಸಿದರೆ ಮುದ್ದೇಬಿಹಾಳ, ಬಾಗೇವಾಡಿಯವರೂ ಬಂದು ಕೂರುತ್ತಾರೆ.

ಗಾಡಿ ಇರುವ ಓದುಗರಲ್ಲಿ ನನ್ನದೊಂದು ಕೇಳಿಕೆ. ಈ ಹಂಗಾಮಿನ ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆ ಒಮ್ಮೆ ಗಾಡಿಯ ಹಿಂದೆ ಬಗ್ಗಿ ನೋಡಿ. ಪಿನ್ನು ಸವೆದಿದ್ದರೆ ಬದಲಿಸಿ. ಸರಪಳಿ ಹುಕ್ಕಿಗಿಂತ ಮೇಲೆ ಬಿಗಿದಿದ್ದರೆ ಕೆಳಗಿಳಿಸಿ. ಹುಕ್ಕಿನ ಮೇಲೆ ಮಕ್ಕಳು ಕೂತಿದ್ದರೆ ಇಳಿಸಿ ಮನೆಗೆ ಕಳಿಸಿ.